ಟ್ರಂಕ್‌ಕಾಲ್ ಅಕ್ಕನ ಒಣಗದ ಚಿತ್ರ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಯಾರೋ ನಮ್ಮ ಬಾಗಿಲನ್ನು ಕಾಲಿನಿಂದ ತಟ್ಟಿದರು. ಕಾಲಿನಿಂದ ಬಾಗಿಲು ತಟ್ಟುವವರ ಮೇಲೆ ನನಗೆ ಮೊದಲೇ ಸಿಟ್ಟು. ಬೈಯಲು ಸಿದ್ಧಳಾಗಿಯೇ ಚಿಲಕ ತೆಗೆದೆ. ನಿಂತಿದ್ದವರು ಟ್ರಂಕ್‌ಕಾಲ್ ಅಕ್ಕನ ತಮ್ಮ, ಕಾಂದಿವಲಿಯಲ್ಲಿ ಹೋಟೆಲ್ ಇಟ್ಟವರು. ಎರಡೂ ಕೈಯಲ್ಲಿ ಒಂದು ದೊಡ್ಡ ಚಿತ್ರ ಹಿಡಿದು, ಅದು ತಮ್ಮ ಬಿಳಿ ಶರ್ಟಿಗೆ ತಾಗದ ಹಾಗೆ ತೋಳನ್ನು ಮುಂದಕ್ಕೆ ಚಾಚಿ, ಹೊಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಿದ್ದರು. "ಇದು ನಿಮಗೇ ಕೊಡ್ಬೇಕು ಅಂತ ಅಕ್ಕ ಹೇಳಿ ಹೋಗಿದ್ದಾಳೆ. ಬೇಗ ಹಿಡ್ಕೊಳ್ಳಿ ಮಾರಾಯ್ರೆ, ಇದು ಇನ್ನೂ ಹಸಿ ಉಂಟು" ಎಂದರು.

ಅಕ್ಕನ ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ ಅದು. ಆ ಚಿತ್ರ ಬರೆದು ಏಳೆಂಟು ವರ್ಷಗಳೇ ಆಗಿದ್ದವು. ನಾನು ಅದನ್ನು ಹಿಡಿದುಕೊಂಡೆ, ಹೆಬ್ಬೆರಳಿಗೆ ಕಂದು ಬಣ್ಣ ಮೆತ್ತಿಕೊಂಡಿತು. ಅಷ್ಟು ಹೊತ್ತು ಗಟ್ಟಿಯಾಗಿದ್ದ ನನಗೆ ಆ ಬಣ್ಣ ನೋಡಿದ ಕೂಡಲೇ ಅಳು ಬಂದುಬಿಟ್ಟಿತು.

ಅವರ ಜೀವನಚರಿತ್ರೆ ಬರೆಯಲು ನಾನು ಕುಳಿತಿಲ್ಲ. ಬರೆದರೆ ಅವರಿಗೂ ಹಿಡಿಸುತ್ತಿರಲಿಲ್ಲ. ಯಾರಾದರೂ ಉದ್ದಕ್ಕೆ ಮಾತಾಡಿದರೆ "ಮೂರು ನಿಮಿಷ ಆಯ್ತು" ಎಂದು ಎದ್ದುಬಿಡುತ್ತಿದ್ದ ಹೆಂಗಸು ಅದು. ನೆನಪಾದಷ್ಟು ಹೇಳುತ್ತೇನೆ.

ಮದುವೆಯಾಗಿ ಬೆಂಗಳೂರಿನಿಂದ ಮುಂಬಯಿಯ ವಿಲೆ ಪಾರ್ಲೆಯ ಈ ಬಿಲ್ಡಿಂಗಿಗೆ ನಾನು ಬಂದಾಗ ಅವರು ನಮ್ಮ ಎದುರು ಮನೆಯಲ್ಲಿದ್ದರು. ಅವರಿಗೆ ಹೆಸರೊಂದಿತ್ತು, ಕೆಳಗಿನ ಟಪಾಲು ಪೆಟ್ಟಿಗೆಯ ಮೇಲೂ ಬರೆದಿತ್ತು. ಬಳಸುತ್ತಿದ್ದವರು ಯಾರೂ ಇಲ್ಲ. ಕನ್ನಡದವರಿಗೆಲ್ಲ ಅವರು ಟ್ರಂಕ್‌ಕಾಲ್ ಅಕ್ಕ. ಎರಡನೇ ಮಹಡಿಯ ಗುಜರಾತಿ ಹೆಂಗಸರು ಅಕ್ಕ ಎನ್ನುವುದೇ ಅವರ ಹೆಸರೆಂದು ತಿಳಿದು ಅಕ್ಕಾಬೆನ್ ಎನ್ನುತ್ತಿದ್ದರು. ಉಡುಪಿ ಕಡೆಯಿಂದ ಸೋದರಮಾವನ ಮನೆಗೆ ಬಂದ ಹುಡುಗಿ, ಇಪ್ಪತ್ತು ತುಂಬುವ ಮೊದಲೇ ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿ, ಊರಿಂದೂರಿಗೆ ಮೂರು ಮೂರು ನಿಮಿಷದ ಫೋನು ಜೋಡಿಸುವ ಟ್ರಂಕ್ ಆಪರೇಟರಾಗಿ, ಕೊನೆಗೆ ಸೂಪರ್‌ವೈಸರಾಗಿ ನಿವೃತ್ತರಾದವರು. ತಮ್ಮಂದಿರನ್ನು ಓದಿಸಿ ಹೋಟೆಲ್ ಹಾಕಿಸಿಕೊಟ್ಟರು, ತಾವು ಮದುವೆಯಾಗಲಿಲ್ಲ. ಏಕೆ ಎಂದು ನಾನೊಮ್ಮೆ ಕೇಳುವ ಧೈರ್ಯ ಮಾಡಿದ್ದೆ. "ಕಾಲ್ ಬಂದಿತ್ತು ಮಾರಾಯ್ತಿ. ನಾನು ಡ್ಯೂಟಿಯಲ್ಲಿದ್ದೆ" ಎಂದರು. ಮುಂದೆ ಕೇಳುವ ಹಾಗಿರಲಿಲ್ಲ.

ಅವರ ಒಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ಯಾರನ್ನಾದರೂ ಹಿಂದಿನಿಂದ ಕರೆಯುವಾಗ ಅವರು ಹೆಸರು ಹಿಡಿದು ಕೂಗುತ್ತಿರಲಿಲ್ಲ. ಸದ್ದಿಲ್ಲದೆ ಬಂದು, ಎರಡು ಭುಜಗಳ ನಡುವೆ, ಕತ್ತಿನ ಸ್ವಲ್ಪ ಕೆಳಗೆ, ಒಂದೇ ಬೆರಳು ಇಡುತ್ತಿದ್ದರು. ಮೊದಲ ಸಲ ನಾನು ಬೆಚ್ಚಿ ಕೈಲಿದ್ದ ಹಾಲಿನ ಪಾತ್ರೆಯನ್ನೇ ಚೆಲ್ಲಿದ್ದೆ. ಎಕ್ಸ್‌ಚೇಂಜಿನಲ್ಲಿ ಹುಡುಗಿಯರು ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಬೋರ್ಡಿನ ಮುಂದೆ ಸಾಲಾಗಿ ಕೂತಿರುತ್ತಾರೆ, ಕರೆದರೆ ಕೇಳಿಸುವುದಿಲ್ಲ; ಸೂಪರ್‌ವೈಸರ್ ಹಿಂದಿನಿಂದ ಬಂದು ಬೆನ್ನಿಗೆ ಬೆರಳಿಟ್ಟರೆ ಊಟಕ್ಕೆ ಏಳು ಎಂದರ್ಥ. ಆ ಅಭ್ಯಾಸ ಅವರ ಕೈಯನ್ನು ಬಿಟ್ಟು ಹೋಗಲೇ ಇಲ್ಲ.

ನಿವೃತ್ತಿಯ ದಿನ ಆಫೀಸಿನವರು ಏನು ಉಡುಗೊರೆ ಬೇಕೆಂದು ಕೇಳಿದರಂತೆ. ಎಲ್ಲರಿಗೂ ಗೋಡೆ ಗಡಿಯಾರವೋ ಬೆಳ್ಳಿಯ ದೀಪವೋ ಕೊಡುವುದು ರೂಢಿ. ಇವರು ಮಾತ್ರ, ಫೋರ್ಟ್ ಪೇಟೆಯಲ್ಲಿ ಎಕ್ಸ್‌ಚೇಂಜಿಗೆ ಹೋಗುವ ದಾರಿಯ ಅಂಗಡಿಯೊಂದರ ಗಾಜಿನ ಹಿಂದೆ ಇದ್ದ ಎಣ್ಣೆ ಬಣ್ಣದ ಪೆಟ್ಟಿಗೆ ಬೇಕೆಂದರು. ಚಿತ್ರ ಬರೆಯುತ್ತೀರಾ ಎಂದು ಅವರು ಆಶ್ಚರ್ಯಪಟ್ಟರೆ, "ಇಲ್ಲ. ಅಷ್ಟು ವರ್ಷದಿಂದ ಹೋಗ್ತಾ ಬರ್ತಾ ನೋಡ್ತಾ ಇದ್ದೇನೆ, ಆ ಟ್ಯೂಬುಗಳ ಮುಚ್ಚಳ ಒಮ್ಮೆ ತೆಗೀಬೇಕು" ಎಂದರಂತೆ. ಐವತ್ತೆಂಟು ವರ್ಷದ ಹೆಂಗಸು ಒಂದು ಮುಚ್ಚಳ ತೆಗೆಯುವ ಆಸೆಯಿಂದ ಚಿತ್ರಕಲೆಗೆ ಬಂದದ್ದು ಹೀಗೆ.

ಪೆಟ್ಟಿಗೆಯಲ್ಲಿ ಬಣ್ಣವಿತ್ತು, ಕುಂಚವಿತ್ತು. ಬಣ್ಣ ತೆಳ್ಳಗೆ ಮಾಡುವ ಎಣ್ಣೆ ಇರಲಿಲ್ಲ. ಎಣ್ಣೆ ಸೇರಿಸಿಕೊಳ್ಳಬೇಕೆಂದು ಅಂಗಡಿಯವನು ಹೇಳಿದ್ದ, ಯಾವ ಎಣ್ಣೆ ಎಂದು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ಉಡುಪಿಯವರ ಮನೆಯಲ್ಲಿ ಎಣ್ಣೆ ಎಂದರೆ ಯಾವುದು ಎಂದು ಕೇಳುವ ಪ್ರಶ್ನೆಯೇ ಇಲ್ಲವಲ್ಲ! ಊರಿನ ಗಾಣದಿಂದ ತಮ್ಮ ತರಿಸಿಕೊಡುತ್ತಿದ್ದ ತೆಂಗಿನೆಣ್ಣೆಯ ಡಬ್ಬಿ ಅಡುಗೆಮನೆಯಲ್ಲಿ ಇದ್ದೇ ಇತ್ತು. ಅದನ್ನೇ ಧಾರಾಳವಾಗಿ ಸುರಿದುಕೊಂಡರು. ಆ ವಾರ ಅವರ ಮನೆಯಿಂದ ಬಂದ ಪರಿಮಳಕ್ಕೆ, ಬಂಧುಗಳು ಬಂದಿದ್ದಾರೆ, ಏನೋ ಕರಿಯುತ್ತಿದ್ದಾರೆ ಎಂದುಕೊಂಡು ನಾನು ಕಾದಿದ್ದೇ ಬಂತು.

ಚಿತ್ರ ತೋರಿಸಲು ಕರೆದರು. ಹೋದೆ. ಎಕ್ಸ್‌ಚೇಂಜಿನ ಹುಡುಗಿಯರು ಸಾಲಾಗಿ ಬೋರ್ಡಿನ ಮುಂದೆ ಕೂತಿದ್ದಾರೆ, ಎಲ್ಲರೂ ನಮಗೆ ಬೆನ್ನು ಹಾಕಿ. ಒಬ್ಬಳದು ಬಿಗಿಯಾದ ಜಡೆ, ಒಬ್ಬಳ ತುರುಬಿನಲ್ಲಿ ಕನಕಾಂಬರ, ಒಬ್ಬಳು ಕತ್ತಿನವರೆಗೆ ಕೂದಲು ಕತ್ತರಿಸಿಕೊಂಡ ಕ್ರಿಶ್ಚಿಯನ್ ಹುಡುಗಿ, ಒಬ್ಬಳ ರವಿಕೆಯ ಬೆನ್ನಿನ ಗುಂಡಿ ಹಾಕಿದ್ದು ತಪ್ಪಿ ಒಂದು ಕಡೆ ಮೇಲಾಗಿದೆ. ಮುಖ ಒಂದೂ ಕಾಣುವುದಿಲ್ಲ. ಆದರೂ ಯಾರು ಸುಸ್ತಾಗಿದ್ದಾಳೆ, ಯಾರು ಗ್ರಾಹಕನ ಬೈಗುಳ ಕೇಳಿಸಿಕೊಳ್ಳುತ್ತಿದ್ದಾಳೆ, ಯಾರು ಕದ್ದು ಪಕ್ಕದವಳ ಜೊತೆ ಹರಟುತ್ತಿದ್ದಾಳೆ ಎಂದು ನಾನು ಬೆರಳು ಮಾಡಿ ತೋರಿಸಬಲ್ಲವಳಾಗಿದ್ದೆ. ಎಲ್ಲಿ ಕಲಿತಿರಿ ಎಂದೆ. "ಎಂತ ಕಲಿಯುವುದು? ಸೂಪರ್‌ವೈಸರ್ ಆದ ಮೇಲೆ ದಿನಾ ಅವರ ಹಿಂದೆ ನಡೆದದ್ದೇ ಕೆಲಸ. ನಾನು ನೋಡಿದ್ದು ಇಷ್ಟೇ" ಎಂದರು.

ಚಿತ್ರವೇನೋ ಮುಗಿಯಿತು, ಒಣಗಲಿಲ್ಲ. ಫ್ಯಾನಿನ ಕೆಳಗಿಟ್ಟರು, ಟೆರೇಸಿನ ಮೇಲಿಟ್ಟು ಕಾಗೆ ಕಾದರು. ಇರುವೆ ಬಂದವು. ಮಳೆಗಾಲ ಬಂತು, ಹೋಯಿತು. ಮುಂಬಯಿಯ ಹವೆಯನ್ನು ಬೈದರು. ಕೊನೆಗೆ ಪಾರ್ಲೆಯ ಶಾಲೆಯೊಂದರಲ್ಲಿ ಶನಿವಾರ ಚಿತ್ರ ಕಲಿಸುತ್ತಿದ್ದ ಮರಾಠಿ ಮೇಷ್ಟ್ರೊಬ್ಬರ ಹತ್ತಿರ ಒಯ್ದರು. ನಾನೂ ಜೊತೆಗಿದ್ದೆ. ಆತ ಮೂಸಿ ನೋಡಿ, "ಆಜೀ, ಖೋಬರೇಲ್ ತೇಲ್?" ಎಂದವರೇ ಕುರ್ಚಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತೆಂಗಿನೆಣ್ಣೆ ಜನ್ಮದಲ್ಲಿ ಒಣಗುವುದಿಲ್ಲ, ನೀವು ಇಷ್ಟೂ ಹುಡುಗಿಯರ ತಲೆಗೆ ಎಣ್ಣೆ ಹಚ್ಚಿ ಕೂರಿಸಿದ್ದೀರಿ ಎಂದರು. ಬೇರೆ ಯಾರೇ ಆಗಿದ್ದರೂ ಆ ನಗುವಿಗೆ ಕುಂಚ ಮುರಿದು ಮನೆಗೆ ಬರುತ್ತಿದ್ದರು. ನಾನಂತೂ ಬರುತ್ತಿದ್ದೆ. ಅಕ್ಕ ಮಾತ್ರ ಮೇಷ್ಟ್ರ ನಗು ಮುಗಿಯುವವರೆಗೆ ಕಾದು, "ಆಯ್ತಾ? ಈಗ ಯಾವ ಎಣ್ಣೆ ಹೇಳಿ" ಎಂದು ಕೇಳಿದರು.

ಮೇಷ್ಟ್ರು ಬರೆದುಕೊಟ್ಟ ಲಿನ್‌ಸೀಡ್ ಎಣ್ಣೆ ಬಂತು. ನಮ್ಮ ಅತ್ತೆ ಧಾರವಾಡದವರು. ಆ ದಿನ ಅಕ್ಕನ ಮನೆಗೆ ಹೋಗಿದ್ದವರು ಸೀಸೆ ಮೂಸಿ ಹುಬ್ಬೇರಿಸಿದರು. "ಏನಿದು, ಅಗಸಿ ಎಣ್ಣಿ ಅಲ್ಲೇನು! ನಾವು ಅಗಸಿ ಕುಟ್ಟಿ ಚಟ್ನಿ ಹಿಂಡಿ ಮಾಡಿ ರೊಟ್ಟಿ ಜೋಡಿ ತಿಂತೀವಿ. ನೀವು ಇದನ್ನ ಗ್ವಾಡಿಗೆ ಹಚ್ತೀರಿ?" ಎಂದರು. ಅಂದಿನಿಂದ ಅವರಿಬ್ಬರ ನಡುವೆ, ಕರಾವಳಿಯ ಎಣ್ಣೆ ಮೇಲೋ ಬಯಲುಸೀಮೆಯ ಎಣ್ಣೆ ಮೇಲೋ ಎಂಬ ಜಗಳ ಶುರುವಾಯಿತು. ಒಣಗುವ ವಿಷಯದಲ್ಲಿ ಮಾತ್ರ ಅಕ್ಕ ಸೋಲೊಪ್ಪಿಕೊಂಡರು.

ಮುಂದೆ ಅವರು ಚಿತ್ರ ಬರೆದದ್ದು ಡ್ಯೂಟಿ ಮಾಡಿದ ಹಾಗೆ. ಬೆಳಿಗ್ಗೆ ಹತ್ತಕ್ಕೆ ಸೀರೆಗೆ ಪಿನ್ನು ಚುಚ್ಚಿ, ಕೈಗೆ ವಾಚು ಕಟ್ಟಿ, ಕಿಟಕಿಯ ಪಕ್ಕ ಕೂತರೆ ಏಳುತ್ತಿದ್ದದ್ದು ಊಟದ ಹೊತ್ತಿಗೇ. ಆಗ ಬಾಗಿಲು ತಟ್ಟಿದವರಿಗೆ ಒಳಗಿನಿಂದ "ಲೈನಲ್ಲಿ ಇರಿ" ಎಂಬ ಉತ್ತರ ಬರುತ್ತಿತ್ತು, ಬಾಗಿಲು ತೆರೆಯುತ್ತಿರಲಿಲ್ಲ. ಮೇಷ್ಟ್ರು ಎಷ್ಟು ತಲೆ ಚಚ್ಚಿಕೊಂಡರೂ ಮುಖ ಬರೆಯುವುದು ಅವರಿಗೆ ಒಲಿಯಲಿಲ್ಲ. ಅಭ್ಯಾಸಕ್ಕೆಂದು ನನ್ನ ಮುಖ ಬರೆದರು. ಪೊಲೀಸ್ ಠಾಣೆಯಲ್ಲಿ ತೂಗುಹಾಕುವ ಫೋಟೋದ ಹಾಗೆ ಬಂತು. ತಾವೇ ನೋಡಿ ಬೇಸರಪಟ್ಟು, "ಆ ಕಡೆ ತಿರುಗು" ಎಂದರು. ತಿರುಗಿ ಕೂತ ನನ್ನನ್ನು ಒಂದೇ ಮಧ್ಯಾಹ್ನದಲ್ಲಿ ಬರೆದು ಮುಗಿಸಿದರು. ಅತ್ತೆ ಬಂದು ನೋಡಿ, "ಈಗ ನಮ್ಮ ಸೊಸಿ ಹೌದು ನೋಡ್ರಿ" ಎಂದು ಒಪ್ಪಿಗೆ ಕೊಟ್ಟರು.

ಆಮೇಲೆ ಅವರು ಹಿಂದೆ ಮುಂದೆ ನೋಡಲಿಲ್ಲ. ಜುಹೂ ಬೀಚಿನಲ್ಲಿ ಸಮುದ್ರದ ಕಡೆ ಮುಖ ಮಾಡಿ ನಿಂತ ಸಂಸಾರಗಳು. ಹಾಲಿನ ಬೂತಿನ ಮುಂದಿನ ಸಾಲು. ಸಂಜೆಯ ಲೋಕಲ್‌ನಲ್ಲಿ ಬಟಾಣಿ ಸುಲಿಯುತ್ತ ಕೂತ ಲೇಡೀಸ್ ಡಬ್ಬಿಯ ಹೆಂಗಸರು. ಎಲ್ಲ ಹಿಂದಿನಿಂದಲೇ. ನೋಡಿದವರು ಮೊದಲು ನಗುತ್ತಿದ್ದರು, ಆಮೇಲೆ ತಮ್ಮ ಬೆನ್ನ ಮೇಲಿನ ಸೆರಗು ಸರಿಪಡಿಸಿಕೊಳ್ಳುತ್ತಿದ್ದರು. ನಾವು ಈ ಊರಿನಲ್ಲಿ ದಿನಾ ನೋಡುವುದು ಬೆನ್ನುಗಳನ್ನೇ ಎಂಬುದು ನನಗೆ ಹೊಳೆದದ್ದು ಆ ಚಿತ್ರಗಳಿಂದ. ಅಂಧೇರಿಯಲ್ಲಿ ಇಳಿಯಬೇಕೆಂದು ಯಾರ ಹಿಂದೆ ನಿಂತು ನೂಕಿಸಿಕೊಳ್ಳುತ್ತೇವೋ ಅವರ ಮುಖ ನಮಗೆ ಯಾವತ್ತಾದರೂ ಗೊತ್ತಿರುತ್ತದೆಯೇ?

ಲೋಕಲ್ ಎಂದಾಗ ನೆನಪಾಯಿತು. ಒಮ್ಮೆ ದಾದರಿಗೆ ಚೌಕಟ್ಟು ಹಾಕಿಸಲು ಆ ಮೊದಲನೆಯ ಚಿತ್ರವನ್ನು ಇಬ್ಬರೂ ಒಯ್ದಿದ್ದೆವು. ಕಾಲಿಡಲು ಜಾಗವಿಲ್ಲದ ಗಾಡಿ. ಅಕ್ಕ ಚಿತ್ರವನ್ನು ಗುರಾಣಿಯ ಹಾಗೆ ಮುಂದೆ ಹಿಡಿದು "ಗೀಲಾ ಹೈ! ಪೇಂಟ್ ಗೀಲಾ ಹೈ!" ಎಂದು ಕೂಗುತ್ತ ಹತ್ತಿದರು. ಹಸಿ ಬಣ್ಣ ಎಂದು ಕೇಳಿದ್ದೇ ಸೀರೆಗಳೆಲ್ಲ ತಟ್ಟನೆ ಹಿಂದೆ ಸರಿದವು. ಇಬ್ಬರಿಗೂ ಕಿಟಕಿಯ ಪಕ್ಕ ಸೀಟು ಸಿಕ್ಕಿತು. "ಈಗ ಹೇಳು, ಒಣಗುವ ಎಣ್ಣೆಯಲ್ಲಿ ಈ ಸುಖ ಉಂಟಾ?" ಎಂದು ಕಣ್ಣು ಮಿಟುಕಿಸಿದರು.

ಮನೆಯ ಗೋಡೆ ಸಾಲದೆ ಚಿತ್ರಗಳು ಮಂಚದ ಕೆಳಗೆ ಸೇರತೊಡಗಿದಾಗ ಪ್ರದರ್ಶನದ ಮಾತು ಹುಟ್ಟಿತು. ತಮ್ಮನಿಗೆ ಅಕ್ಕ ಎಂದರೆ ಪ್ರಾಣ. "ನಮ್ಮ ಹೋಟೆಲಿನಲ್ಲೇ ಹಾಕುವ ಅಕ್ಕ. ಗೋಡೆ ಖಾಲಿ ಉಂಟು, ದಿನಕ್ಕೆ ಎಷ್ಟೊಂದು ಜನ ಬರ್ತಾರೆ, ಎಲ್ಲ ನೋಡ್ತಾರೆ" ಎಂದರು. "ನೋಡ್ತಾರೆ. ದೋಸೆ ಬರುವವರೆಗೆ" ಎಂದರು ಅಕ್ಕ. ನಮ್ಮ ಕಡೆಯ ಕನ್ನಡ ಸಂಘದವರಿಗೆ ಸುದ್ದಿ ಮುಟ್ಟಿತು. ಅವರು ನಾಲ್ಕು ಜನ ಬಂದು, ಸಂಘದ ಹಾಲಿನಲ್ಲಿ ಪ್ರದರ್ಶನ ಇಟ್ಟು, ಅಧ್ಯಕ್ಷರನ್ನು ಕರೆಸಿ, ಶಾಲು ಹೊದಿಸಿ, ಹಾರ ಹಣ್ಣು ಕೊಟ್ಟು ಸನ್ಮಾನ ಮಾಡುತ್ತೇವೆಂದರು. ಅಕ್ಕ ಅವರಿಗೆ ಕಾಫಿ ಕೊಟ್ಟು ಕಳಿಸಿದರು, ಒಪ್ಪಲಿಲ್ಲ.

ನನಗೆ ಸಿಟ್ಟು ಬಂತು. ಇಷ್ಟು ಪ್ರೀತಿಯಿಂದ ಕರೆಯುತ್ತಿದ್ದಾರೆ, ಏನು ನಿಮ್ಮ ಜಂಬ ಎಂದು ಕೇಳಿಯೇಬಿಟ್ಟೆ. ಅವರು ಕುಂಚ ಒರೆಸಿ ಡಬ್ಬಿಯಲ್ಲಿ ನಿಲ್ಲಿಸಿದರು. ಆಮೇಲೆ ಹೇಳಿದರು: "ನಮ್ಮವರು ಹೊಗಳ್ತಾರೆ ಮಾರಾಯ್ತಿ, ನೋಡುವುದಿಲ್ಲ. ನನ್ನನ್ನು ನೋಡಿ ಚಿತ್ರ ಚಂದ ಅಂತಾರೆ. ಆಯುಷ್ಯ ಇಡೀ ಗುರುತಿಲ್ಲದವರಿಗೆ ಲೈನ್ ಜೋಡಿಸಿದೆ. ಅವರಿಗೆ ನಾನು ಯಾರು ಅಂತ ಗೊತ್ತಿಲ್ಲ, ನನಗೆ ಅವರು ಯಾರು ಅಂತ ಗೊತ್ತಿಲ್ಲ. ಆದ್ರೂ ಮಾತು ಮುಟ್ಟುತ್ತಿತ್ತು. ಇದೂ ಹಾಗೆ ಮುಟ್ಟಬೇಕು. ನನ್ನ ಹೆಸರು, ಊರು, ವಯಸ್ಸು ಒಂದೂ ತಿಳಿಯದವನು ಒಬ್ಬನಾದರೂ ಚಿತ್ರದ ಮುಂದೆ ನಿಲ್ಲಬೇಕು. ಒಬ್ಬ ಸಾಕು." ನಾನು ಮತ್ತೆ ಆ ವಿಷಯ ಎತ್ತಲಿಲ್ಲ.

ಆ ಒಬ್ಬನಿಗಾಗಿ ಅವರು ಫೋರ್ಟಿನ ಒಂದು ಗ್ಯಾಲರಿಯ ಬೆನ್ನು ಹತ್ತಿದರು. ಅಲ್ಲಿ ಜಾಗ ಸಿಗಲು ಹೆಸರಾಂತ ಕಲಾವಿದರೇ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ. ಇವರ ಅರ್ಜಿಗೆ ಉತ್ತರವೇ ಬರಲಿಲ್ಲ. ಆದರೆ ಲೈನ್ ಸಿಗದಿದ್ದರೆ ಮತ್ತೆ ಮತ್ತೆ ಹಚ್ಚುವುದೇ ಕಸುಬಾಗಿದ್ದವರಿಗೆ ಇದು ಯಾವ ಲೆಕ್ಕ? ಪ್ರತಿ ಸೋಮವಾರ ಬೆಳಿಗ್ಗೆ, ಆಫೀಸು ತೆರೆಯುವ ಹೊತ್ತಿಗೆ, ನಮ್ಮ ಮನೆಗೆ ಬಂದು ನಮ್ಮ ಫೋನಿನಿಂದ ಗ್ಯಾಲರಿಗೆ ಮಾತಾಡುವರು. ಅವರ ಮನೆಯಲ್ಲಿ ಫೋನಿರಲಿಲ್ಲ, ನಿವೃತ್ತಿಯ ನಂತರ ಆ ಸದ್ದು ಬೇಡವೆಂದು ಬಿಟ್ಟಿದ್ದರು. ಅಲ್ಲಿನ ಗುಮಾಸ್ತ ಮೊದಮೊದಲು "ವೇಟಿಂಗ್ ಲಿಸ್ಟ್ ಬಹುತ್ ಲಂಬಾ ಹೈ ಮ್ಯಾಡಮ್" ಎಂದು ಉದ್ದದ ಪಟ್ಟಿಯ ನೆಪ ಹೇಳಿ ಫೋನು ಇಟ್ಟುಬಿಡುತ್ತಿದ್ದ. ಇವರು ತಮ್ಮ ಹಳೆಯ ಆಪರೇಟರ್ ದನಿಯಲ್ಲಿ, ಒಂದಿಷ್ಟೂ ಬೇಸರವಿಲ್ಲದೆ, "ಠೀಕ್ ಹೈ, ನೆಕ್ಸ್ಟ್ ಮಂಡೇ ಟ್ರೈ ಕರೂಂಗಿ" ಎನ್ನುವರು. ಬರಬರುತ್ತ ಗುಮಾಸ್ತ ತನ್ನ ಹೆಂಡತಿಯ ಮಂಡಿನೋವಿನ ಬಗ್ಗೆ ಹೇಳತೊಡಗಿದ. ಒಂದು ಸೋಮವಾರ ಅಕ್ಕನಿಗೆ ಜ್ವರ ಬಂದು ಫೋನು ಮಾಡಲಾಗಲಿಲ್ಲ. ಮಂಗಳವಾರ ನಮ್ಮ ಮನೆಯ ಫೋನು ಹೊಡೆದುಕೊಂಡಿತು, "ಮಂಡೇವಾಲಿ ಮ್ಯಾಡಮ್ ಠೀಕ್ ಹೈ ನಾ?" ಎಂದು ಅವನೇ ವಿಚಾರಿಸಿದ.

ಜಾಗ ಕೊಡಿಸಿದ್ದೂ ಆ ಗುಮಾಸ್ತನೇ. ಜುಲೈ ತಿಂಗಳ ನಟ್ಟನಡುವಿನ ಒಂದು ವಾರ ಯಾರೋ ಕಲಾವಿದ ಕೈಕೊಟ್ಟಿದ್ದ. ಒಳಗಿನ ಸಣ್ಣ ಕೋಣೆ. ಸುರಿಯುವ ಮಳೆಯಲ್ಲಿ ಯಾರೂ ಬರುವುದಿಲ್ಲವೆಂದು ಬೇರೆ ಯಾರೂ ಒಪ್ಪಿರಲಿಲ್ಲ. ನಾಲ್ಕು ದಿನದಲ್ಲಿ ಚಿತ್ರ ತರುತ್ತೀರಾ ಎಂದು ಕೇಳಿದ. "ಲೈನಲ್ಲಿ ಇರಿ" ಎಂದು ಅಕ್ಕ ರಿಸೀವರಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ನೋಡಿದರು. ಅವರು ಹಾಗೆ ನನ್ನ ಕಡೆ ನೋಡಿದ್ದು ಅದೊಂದೇ ಸಲ. ಆಮೇಲೆ ಕೈ ತೆಗೆದು, "ತರುತ್ತೇನೆ" ಎಂದರು.

ಹೋಟೆಲಿಗೆ ಸಾಮಾನು ತರುವ ಟೆಂಪೋದಲ್ಲಿ, ಬಟಾಟೆ ಮೂಟೆ ಇಳಿಸಿ, ಚಿತ್ರಗಳನ್ನು ಸಾಗಿಸಿದೆವು. ಒಣಗದ ಆ ಮೊದಲನೆಯದನ್ನು ಬಿಟ್ಟುಬನ್ನಿ, ಮಾನ ಹೋಗುತ್ತದೆ ಎಂದು ಮೇಷ್ಟ್ರು ಕೈಮುಗಿದು ಬೇಡಿಕೊಂಡರು. "ಉಳಿದದ್ದು ನೀವು ಕಲಿಸಿದ್ದು. ಅದು ನಾನೇ ಮಾಡಿದ್ದು" ಎಂದು ಅಕ್ಕ ಅದನ್ನು ಬಾಗಿಲಿಗೆ ನೇರವಾದ ಗೋಡೆಯ ಮೇಲೇ ತೂಗುಹಾಕಿಸಿದರು. ಮುಟ್ಟಬೇಡಿ, ಹಸಿಯಿದೆ ಎಂದು ಕೆಳಗೆ ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಬರೆದು ಅಂಟಿಸಿದೆವು. ತಮ್ಮ ಹೆಸರಿನ ಚೀಟಿಯನ್ನು ಮಾತ್ರ ಗೋಡೆಯ ಮೂಲೆಯಲ್ಲಿ, ಕಣ್ಣಿಗೆ ಬೀಳದ ಹಾಗೆ ಹಚ್ಚಿಸಿದರು. ತಾವು ಚಿತ್ರ ನೋಡಲು ಬಂದ ಯಾರೋ ಮುದುಕಿಯ ಹಾಗೆ ದೂರದ ಬೆಂಚಿನ ಮೇಲೆ ಕೂತರು.

ಮೊದಲ ದಿನ ನಮ್ಮ ಬಿಲ್ಡಿಂಗಿನವರೆಲ್ಲ ಬಂದರು. ಸಂಘದವರು ಬೇಡವೆಂದರೂ ಶಾಲು ತಂದರು, ಮುದುಡಿದ ಹಾರವನ್ನೂ ತಂದರು. ಹೋಟೆಲಿನಿಂದ ಇಡ್ಲಿ ವಡೆಯ ದೊಡ್ಡ ಡಬ್ಬಿ ಬಂತು, ಕಾವಲುಗಾರ ಅದನ್ನು ಒಳಗೆ ಬಿಡಲಿಲ್ಲ, ಅಕ್ಕನೂ ಅವನ ಪಕ್ಷವೇ ವಹಿಸಿದರು. ಎಲ್ಲರೂ ಫಸ್ಟ್ ಕ್ಲಾಸ್ ಎಂದರು, ಅಕ್ಕನ ಕೈ ಕುಲುಕಿದರು, ಗೋಡೆಯ ಕಡೆ ಒಂದು ಸುತ್ತು ಕಣ್ಣು ಹಾಯಿಸಿ ಗಾಡಿ ತಪ್ಪುತ್ತದೆಂದು ಓಡಿದರು. ಅವರು ಹೋದ ಮೇಲೆ ಅಕ್ಕ ನನ್ನ ಕಿವಿಯಲ್ಲಿ, "ಇವರು ಯಾರೂ ಲೆಕ್ಕಕ್ಕಿಲ್ಲ" ಎಂದರು.

ಆಮೇಲಿನ ದಿನಗಳು ಘೋರ. ಮಳೆ ಎಂದರೆ ಮಳೆ. ಗುರುತಿಲ್ಲದವರು ಬಂದರು, ಇಲ್ಲವೆಂದಲ್ಲ. ಛತ್ರಿ ಕೊಡವಿ, ಗೋಡೆಗೆ ಬೆನ್ನು ಹಾಕಿ, ಬಾಗಿಲಿನಾಚೆ ಮಳೆ ನಿಂತಿತೇ ಎಂದು ನೋಡುತ್ತ ನಿಲ್ಲುವರು. ಮಳೆ ಸಣ್ಣಗಾದರೆ ಹೊರಟುಬಿಡುವರು. ನಾನು ಕೆಲಸ ಮಾಡುತ್ತಿದ್ದ ಬ್ಯಾಂಕಿಗೆ ರಜೆ ಹಾಕಿ ಅಕ್ಕನ ಪಕ್ಕ ಕೂತಿದ್ದೆ. ಆ ಬೆನ್ನುಗಳನ್ನು ಹಿಡಿದು ಒಂದೊಂದಾಗಿ ಗೋಡೆಯ ಕಡೆ ತಿರುಗಿಸಿಬಿಡಲೇ ಎನ್ನುವಷ್ಟು ಕೋಪ ನನಗೆ. ಅಕ್ಕ ಮಾತ್ರ ಅವರನ್ನೇ ನೋಡುತ್ತ, "ಆ ನೀಲಿ ರೇನ್‌ಕೋಟಿನವನ ಭುಜ ನೋಡು, ಮನೆಗೆ ಹೋಗ್ಲಿಕ್ಕೆ ಇಷ್ಟ ಇಲ್ಲ ಅವನಿಗೆ" ಎನ್ನುತ್ತಿದ್ದರು. ಗಾಡಿಗಳು ನಿಂತುಹೋದ ದಿನವೂ, ಪಾರ್ಲೆಯಿಂದ ಟ್ಯಾಕ್ಸಿ, ಬಸ್ಸು, ಕೊನೆಗೆ ಮೊಣಕಾಲು ನೀರಿನಲ್ಲಿ ನಡಿಗೆ ಎಂದು ಹೋಗಿ ಬಾಗಿಲು ತೆರೆಯುವ ಹೊತ್ತಿಗೆ ಬೆಂಚಿನ ಮೇಲಿದ್ದರು.

ಕೊನೆಯ ದಿನ ಮಧ್ಯಾಹ್ನ ಒಬ್ಬ ಮರಾಠಿ ಹೆಂಗಸು ಬಂದರು. ಐವತ್ತು ದಾಟಿದವರು, ಎರಡೂ ಕೈಯಲ್ಲಿ ಭಾರದ ಚೀಲ. ಮಳೆಗೆಂದೇ ಒಳಗೆ ಬಂದವರು ಎದುರಿಗಿದ್ದ ಎಕ್ಸ್‌ಚೇಂಜಿನ ಚಿತ್ರದ ಮುಂದೆ ನಿಂತರು. ಚೀಲ ಕೆಳಗಿಡಲಿಲ್ಲ, ಕದಲಲಿಲ್ಲ. ಮಳೆ ನಿಂತಿತು, ಅವರು ನಿಂತೇ ಇದ್ದರು. ಅಕ್ಕ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಕೊನೆಗೆ ಆ ಹೆಂಗಸು ನಮ್ಮ ಕಡೆ ತಿರುಗಿ, ಯಾರಿಗೋ ಎಂಬಂತೆ ಮರಾಠಿಯಲ್ಲಿ ಹೇಳಿದರು: "ಈ ಕನಕಾಂಬರ ಮುಡಿದವಳು ನಾನು. ಕತ್ತಿನ ಕೆಳಗೆ ಮಚ್ಚೆ ಇದೆ ಅಂತ ಅಮ್ಮ ಹೇಳುತ್ತಿದ್ದಳು. ನಾನು ನೋಡಿಕೊಂಡಿರಲಿಲ್ಲ. ಇವತ್ತು ನೋಡಿದೆ."

ಅಕ್ಕ ಆ ಹೆಂಗಸಿನ ಮುಖವನ್ನು ಪಿಳಿಪಿಳಿ ನೋಡಿದರು. ಗುರುತು ಹತ್ತಲಿಲ್ಲ. "ಸ್ವಲ್ಪ ಆ ಕಡೆ ತಿರುಗಿ" ಎಂದರು. ಆಕೆ ತಬ್ಬಿಬ್ಬಾಗಿ ತಿರುಗಿದರು. ತುರುಬು ನರೆತು ಚಿಕ್ಕದಾಗಿತ್ತು. ಮಚ್ಚೆ ಅಲ್ಲೇ ಇತ್ತು. ಅಕ್ಕ ಎದ್ದು ಹೋಗಿ ಅದರ ಕೆಳಗೆ ಒಂದು ಬೆರಳು ಇಟ್ಟರು. ಆ ಹೆಂಗಸು ಹಾಗೆಯೇ ನಿಂತು, ತಿರುಗಿ ನೋಡದೆ, "ಮ್ಯಾಡಮ್! ಊಟಕ್ಕೆ ಬಿಟ್ಟಿರಾ?" ಎಂದರು. ಮದುವೆಯಾಗಿ ಕೆಲಸ ಬಿಟ್ಟು ಎಷ್ಟೋ ಕಾಲವಾದ ಹುಡುಗಿ. ಅಕ್ಕನಿಗೆ ಅವಳ ಮುಖ ಮರೆತಿತ್ತು, ಅವಳಿಗೆ ಅಕ್ಕನ ಮುಖ ಮರೆತಿತ್ತು. ಇಬ್ಬರೂ ನಕ್ಕರು, ಕಣ್ಣೊರೆಸಿಕೊಂಡರು, ಚೀಲ ಕೆಳಗಿಟ್ಟು ಹೊತ್ತು ಹೋದದ್ದೇ ತಿಳಿಯದಂತೆ ಮಾತಾಡಿದರು. ನಾನಂತೂ ಧನ್ಯಳಾದೆ ಎಂದುಕೊಂಡೆ, ಪ್ರದರ್ಶನ ಸಾರ್ಥಕವಾಯಿತು ಎಂದುಕೊಂಡೆ. ಆಕೆ ಅತ್ತ ಹೋಗುತ್ತಲೇ ಅಕ್ಕ ಮೂಗೊರೆಸಿಕೊಂಡು, "ಅವಳೂ ಲೆಕ್ಕಕ್ಕಿಲ್ಲ. ಗುರುತಿನವಳು" ಎಂದರು. ಇಂಥ ಹೆಂಗಸಿನ ಜೊತೆ ಏನು ಮಾಡುವುದು ಹೇಳಿ!

ಸಂಜೆ ಚಿತ್ರ ಇಳಿಸುವಾಗ ತಮ್ಮನೇ ಮೊದಲು ಕಂಡದ್ದು. "ಅಕ್ಕ, ಇಲ್ಲಿ ಯಾರೋ ಕೈ ಇಟ್ಟು ಹಾಳು ಮಾಡಿದ್ದಾರೆ" ಎಂದು ಹಲ್ಲು ಕಚ್ಚಿದರು. ಅದೇ ಒಣಗದ ಚಿತ್ರ. ಸಾಲಿನ ಕೊನೆಗೆ ಕೂತ, ಗುಂಡಿ ತಪ್ಪಿದ ರವಿಕೆಯ ಹುಡುಗಿಯ ಬೆನ್ನ ಮೇಲೆ, ಎರಡು ಭುಜಗಳ ನಡುವೆ, ಕತ್ತಿನ ಸ್ವಲ್ಪ ಕೆಳಗೆ, ಒಂದು ಬೆರಳ ಗುರುತು. ಅಗಲವಾದ ಹೆಬ್ಬೆರಳು, ನಡುವೆ ಓರೆಯಾಗಿ ಹಳೆಯ ಗಾಯದ ಗೆರೆ. ಬೆಳಿಗ್ಗೆ ಇರಲಿಲ್ಲ. ಅಕ್ಕ ಕನ್ನಡಕ ಏರಿಸಿ ಹತ್ತಿರ ಹೋಗಿ ನೋಡಿದರು. ಮೇಷ್ಟ್ರು ಒಂದು ಕುಂಚದ ಪೆಟ್ಟು ಸಾಕು, ಸರಿಮಾಡಿಬಿಡುತ್ತೇನೆ ಎಂದು ಮುಂದೆ ಬಂದರು. "ಮುಟ್ಟಬೇಡಿ!" ಎಂದು ಅಕ್ಕ ಕೂಗಿದ್ದಕ್ಕೆ ಕಾವಲುಗಾರ ಓಡಿ ಬಂದ.

ಆಮೇಲೆ ಶುರುವಾಯಿತು ತನಿಖೆ. ಅಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಹೆಬ್ಬೆರಳು ತೋರಿಸಿದೆವು: ನಾನು, ಮೇಷ್ಟ್ರು, ಟೆಂಪೋದವನು, ಕಾವಲುಗಾರ, ಮಂಡೇವಾಲಿ ಮ್ಯಾಡಮ್ಮನ್ನು ಕೊನೆಗೂ ಕಣ್ಣಾರೆ ನೋಡಲು ಬಂದಿದ್ದ ಆ ಗುಮಾಸ್ತನೂ. "ನಾನೆಂತ ಕಳ್ಳನಾ ಅಕ್ಕ?" ಎಂದು ತಮ್ಮ ಗೊಣಗಿದರೂ ಬಿಡಲಿಲ್ಲ, ಬೆಳಕಿಗೆ ಹಿಡಿದು ನೋಡಿದರು. ಮರಾಠಿ ಹೆಂಗಸಿನ ಕೈಯಲ್ಲಿ ಚೀಲವಿತ್ತು, ಬೆರಳೂ ಸಣ್ಣ, ಆಕೆಯಲ್ಲ. ಯಾರದೂ ಹೊಂದಲಿಲ್ಲ. ನಾವಿಬ್ಬರೂ ಊಟಕ್ಕೆ ಹೊರಗೆ ಹೋಗಿದ್ದ ಹೊತ್ತಿನಲ್ಲಿ ಯಾರೋ ಬಂದಿದ್ದಾನೆ. ಬರೆದು ಅಂಟಿಸಿದ್ದನ್ನು ಓದಿಯೋ ಓದದೆಯೋ, ಆ ಹುಡುಗಿಯನ್ನು ಕರೆಯುವವನ ಹಾಗೆ ಬೆನ್ನಿಗೆ ಬೆರಳಿಟ್ಟು ಹೋಗಿದ್ದಾನೆ.

ಅಕ್ಕ ಬೆಂಚಿನ ಮೇಲೆ ಕೂತುಬಿಟ್ಟರು. ಅವರ ಮುಖ ಹೇಗಿತ್ತೆಂದು ವರ್ಣಿಸಲು ನನಗೂ ಬರುವುದಿಲ್ಲ. "ಒಬ್ಬ ಬಂದ" ಎಂದರು. ಕನ್ನಡಕ ಒರೆಸಿಕೊಂಡು ಮತ್ತೆ, "ಲೈನ್ ಸಿಕ್ಕಿತು ಮಾರಾಯ್ತಿ" ಎಂದರು. ಟೆಂಪೋದಲ್ಲಿ ಪಾರ್ಲೆಯವರೆಗೂ ಆ ಚಿತ್ರವನ್ನು ಮಡಿಲ ಮೇಲೆ ನಿಲ್ಲಿಸಿಕೊಂಡು ಕೂತಿದ್ದರು, ಸೀರೆಯೆಲ್ಲ ಬಣ್ಣವಾಯಿತು.

ಅದಾದ ಮೇಲೂ ಅವರು ಡ್ಯೂಟಿ ಬಿಡಲಿಲ್ಲ. ಮತ್ತೊಂದು ಪ್ರದರ್ಶನ ಬೇಕೆಂದು ಸೋಮವಾರದ ಫೋನುಗಳು ಮುಂದುವರಿದೇ ಇದ್ದವು. ಬೀದಿಬೀದಿಗೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದು, ಟ್ರಂಕ್‌ಕಾಲ್ ಎಂದರೇನೆಂದು ನನ್ನ ಮಗಳಿಗೆ ವಿವರಿಸಬೇಕಾದ ಕಾಲ ಬಂದರೂ ನಮಗೆ ಅವರು ಟ್ರಂಕ್‌ಕಾಲ್ ಅಕ್ಕನೇ. ಈ ವರ್ಷ ಬಂದ ಕಾಯಿಲೆ ಅವರಿಗೆ ಹೆಚ್ಚು ದಿನ ಕೊಡಲಿಲ್ಲ. ಕೊನೆಯ ಸೋಮವಾರ ಆಸ್ಪತ್ರೆಯಿಂದಲೇ ನನಗೆ ಹೇಳಿ ಕಳಿಸಿ ಗ್ಯಾಲರಿಗೆ ಫೋನು ಮಾಡಿಸಿದರು. ವೇಟಿಂಗ್ ಲಿಸ್ಟ್ ಲಂಬಾ ಹೈ ಎಂದು ಹೇಳಿ ಗುಮಾಸ್ತ ಅತ್ತ.

ಈಗ ಆ ಚಿತ್ರ ನಮ್ಮ ನಡುಮನೆಯಲ್ಲಿ, ಬಾಗಿಲು ತೆರೆದರೆ ನೇರ ಕಾಣುವಲ್ಲಿ ಇದೆ. ಧೂಳು ಕೂರುತ್ತದೆ, ಗಾಜು ಹಾಕಿಸು ಎಂದು ಮನೆಯವರೆಲ್ಲ ಹೇಳುತ್ತಾರೆ. ನಾನು ಹಾಕಿಸಿಲ್ಲ. ನೆಂಟರು ಬರುತ್ತಾರೆ, ನಾನು ಅಕ್ಕನ ಕಥೆ ಹೇಳುತ್ತೇನೆ, ಅವರು ಅಯ್ಯೋ ಪಾಪ, ಎಷ್ಟು ಚೆನ್ನಾಗಿ ಬರೆದಿದ್ದಾರೆ ಎನ್ನುತ್ತಾರೆ. ಕಾಫಿ ಬಂದ ಕೂಡಲೇ ತಿರುಗಿ ಕೂರುತ್ತಾರೆ.

ಮೊನ್ನೆ ಗ್ಯಾಸಿನವನು ಬಂದ. ಹೊಸಬ, ಈ ಬಿಲ್ಡಿಂಗಿಗೆ ಹಿಂದೆ ಬಂದವನಲ್ಲ. ಬಾಗಿಲು ತೆಗೆದು, ಅಡುಗೆಮನೆಗೆ ಎಂದು ದಾರಿ ತೋರಿಸಿ ನಾನು ಒಳಗೆ ಹೋದೆ. ಹಿಂದೆ ಹೆಜ್ಜೆಯ ಸದ್ದು ಬರಲಿಲ್ಲ. ತಿರುಗಿ ನೋಡಿದರೆ ಚಿತ್ರದ ಮುಂದೆ ನಿಂತಿದ್ದಾನೆ. ನನ್ನನ್ನು ನೋಡಿ, "ಬಾಯೀ, ಯೇ ಲೋಗ್ ಕಿಸ್ ಸೇ ಬಾತ್ ಕರ್ ರಹೇ ಹೈ?" ಎಂದು ಕೇಳಿದ. ಇವರೆಲ್ಲ ಯಾರ ಜೊತೆ ಮಾತಾಡುತ್ತಿದ್ದಾರೆ? ಉತ್ತರಕ್ಕೆ ಕಾಯದೆ ಅವನು ಮತ್ತೆ ಚಿತ್ರದ ಕಡೆ ತಿರುಗಿದ. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಬ್ಬೊಬ್ಬಳನ್ನೂ ನೋಡುತ್ತ ಹೋದ. ಒಲೆಯ ಮೇಲೆ ಹಾಲು ಉಕ್ಕುವ ವಾಸನೆ ಬಂತು, ನಾನು ಹೋಗಲಿಲ್ಲ. ಹೆಗಲ ಮೇಲಿನ ಸಿಲಿಂಡರ್ ಇಳಿಸುವುದನ್ನೂ ಮರೆತು ಅವನು ನಿಂತಿದ್ದ.

ಅಕ್ಕ, ಇವನು ಲೆಕ್ಕಕ್ಕುಂಟು.